ಅಮ್ಮನ ದಾರದ ಡಬ್ಬಿಗಳು

ಅಮ್ಮನ ಕಣ್ಣು ಹೋಗುತ್ತಿದೆ ಎಂಬುದು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು, ನನಗೆ ಹದಿಮೂರು. ಅಪ್ಪ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ನಾವಿದ್ದದ್ದು ಚಾಂಪಿಯನ್ ರೀಫ್ಸ್‌ನ ಸಾಲುಮನೆಗಳಲ್ಲೊಂದರಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ತಗಡಿನ ಚಪ್ಪರ. ಗಾಳಿ ಎದ್ದರೆ ಗಣಿಯ ತ್ಯಾಜ್ಯ ಸುರಿದ ಸೈನೈಡ್ ಗುಡ್ಡದ ಬೂದು ಪುಡಿ ಅನ್ನದ ತಟ್ಟೆಯವರೆಗೂ ಬರುತ್ತಿತ್ತು. ಅಂಥ ಮನೆಯಲ್ಲಿ ಕೂತು ಅಮ್ಮ ಬಿಳಿ ದಾರದಲ್ಲಿ ಕ್ರೋಷಾ ಹಾಕುತ್ತಿದ್ದಳು. ಪಕ್ಕದ ಮನೆಯ ತಮಿಳು ಅಕ್ಕ ಕಾನ್ವೆಂಟಿನಲ್ಲಿ ಕಲಿತದ್ದನ್ನು ಅಮ್ಮನಿಗೆ ಕಲಿಸಿದ್ದರು. ರೇಡಿಯೋ ಮೇಲಿನ ಹೊದಿಕೆ, ಮಗುವಿನ ಕುಲಾವಿ, ಮೇಜಿನ ಬಟ್ಟೆ, ಏನೇ ಆಗಲಿ ಅಮ್ಮ ಒಮ್ಮೆ ನೋಡಿದರೆ ಸಾಕು, ಹಾಗೇ ಹಾಕಿಬಿಡುತ್ತಿದ್ದಳು.

ಮೊದಲು ದಾರದ ಉಂಡೆ ಕಳೆಯತೊಡಗಿತು. "ಉಂಡೆ ಎಲ್ಲೋಯ್ತೆ?" ಎನ್ನುವಳು. ಅದು ಅವಳ ಮಂಡಿಯ ಪಕ್ಕದಲ್ಲೇ ಇರುತ್ತಿತ್ತು. ನಾನು ನಗುತ್ತಿದ್ದೆ. ಆಮೇಲೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು, ನೆಲದಲ್ಲಿಟ್ಟ ಚೆಂಬು ಒದೆಯುವುದು ಶುರುವಾಯಿತು. ನೇರ ನೋಡಿದರೆ ಅಕ್ಕಿಯಲ್ಲಿನ ಕಲ್ಲು ಕಾಣುತ್ತಿತ್ತು. ಪಕ್ಕದಲ್ಲಿ ನಿಂತ ನಾನು ಕಾಣುತ್ತಿರಲಿಲ್ಲ. ಒಂದು ದಿನ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಾಗ, ಕಣ್ಣು ಸರಿಯಾಗಿ ಕಾಣುತ್ತಿಲ್ಲವೇ ಎಂದು ಕೇಳಿಯೇಬಿಟ್ಟೆ. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ನಿಮ್ಮಪ್ಪಂಗೆ ಏಳ್ಬೇಡ ಕಣೆ. ನಮ್ಮವ್ವಂಗೂ ಇಂಗೇ ಸುರುವಾಗಿದ್ದು. ಕಣ್ಣೋಯ್ತು ಅಂತ ಗೊತ್ತಾದ ದಿನವೇ ಅವಳ ಕೈಲಿದ್ದ ಮೊರ ಕಿತ್ಕೊಂಡ್ರು. ಸಾಯೋಗಂಟ ಕಂಬಕ್ಕೆ ಒರಗ್ಕೊಂಡು ಕುಂತಿದ್ಲು. ನಂಗೆ ಅದು ಬ್ಯಾಡ."

ಕಾಮಸಮುದ್ರದ ಹತ್ತಿರದ ಊರಿನ ಆ ಅಜ್ಜಿಯನ್ನು ನಾನೂ ಕಂಡಿದ್ದೆ. ಹೆಜ್ಜೆ ಸಪ್ಪಳ ಕೇಳಿದೊಡನೆ ಸುಮ್ಮನೆ ಕೈ ಚಾಚುತ್ತಿದ್ದಳು, ಯಾರಾದರೂ ಹಿಡಿದಾರೆಂದು. ಹೇಳುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟೆ.

ಅಲ್ಲಿಂದ ನಮ್ಮಿಬ್ಬರ ಉಪಾಯಗಳು ಹುಟ್ಟಿದವು. ಹಳೆಯ ಅಲ್ಯೂಮಿನಿಯಂ ಟೀ ಕೆಟಲ್‌ನೊಳಗೆ ಉಂಡೆ ಇಟ್ಟು, ದಾರದ ತುದಿಯನ್ನು ಅದರ ಕೊಕ್ಕಿನಿಂದ ಹೊರಗೆಳೆದೆವು. ಉಂಡೆ ಉರುಳಲಿಲ್ಲ, ಧೂಳೂ ಕೂರಲಿಲ್ಲ. ಕ್ರೋಷಾ ಕಡ್ಡಿಗಳ ಬಾಲಕ್ಕೆ ದಾರ ಬಿಗಿದೆ. ಸಣ್ಣ ಕಡ್ಡಿಗೆ ಒಂದು ಗಂಟು, ದಪ್ಪದ್ದಕ್ಕೆ ಎರಡು, ಇನ್ನೂ ದಪ್ಪದ್ದಕ್ಕೆ ಮೂರು. ಕೆಲಸ ನಿಲ್ಲಿಸುವಾಗ ಕೊನೆಯ ಕುಣಿಕೆಗೆ ಪಿನ್ನು ಸಿಕ್ಕಿಸುವುದು, ಮತ್ತೆ ಕೈಗೆತ್ತಿಕೊಂಡಾಗ ಹುಡುಕಬೇಕಾಗದಂತೆ.

ಎರಡನೆಯ ವರ್ಷ ಬಣ್ಣಗಳು ಹೋದವು. ಹಸಿರು, ನೀಲಿ, ಕೆಂಪು ಎಲ್ಲವೂ ಸಂಜೆಯ ಹೊತ್ತಿಗೆ ಅವಳಿಗೆ ಒಂದೇ ಕಪ್ಪು. ಆಗ ಬಣ್ಣಕ್ಕೊಂದು ಡಬ್ಬಿ ಮಾಡಿ, ಉಂಡೆಯ ಅಡಿಯಲ್ಲಿ ಕೆಂಪಿಗೆ ಹುಣಸೆಬೀಜ, ಹಸಿರಿಗೆ ಒಣ ಅವರೆಕಾಳು, ಹಳದಿಗೆ ರಾಗಿ, ನೀಲಿಗೆ ಹುರುಳಿ ಹಾಕಿದೆ. ಬಿಳಿಯದು ಖಾಲಿ. ಅಲ್ಲಾಡಿಸಿದರೆ ತಿಳಿಯುತ್ತಿತ್ತು. ಅವಳಿಗೆ ಕೊಡುವ ಮೊದಲು ನಾನೇ ಕಣ್ಣು ಮುಚ್ಚಿಕೊಂಡು ಹತ್ತಾರು ಸಲ ಪರೀಕ್ಷೆ ಮಾಡಿದ್ದೆ.

ಪಕ್ಕದ ಮನೆಯ ಅಕ್ಕ ಇದನ್ನು ನೋಡಿ ಬೆರಗಾದರು. "ಎವ್ವಳವು ನೀಟಾ! ಎಷ್ಟು ನೀಟಾಗಿ ಮಡಗಿದೀಯಾ ಅಕ್ಕಾ. ಇದು ಯಾಕೆ, ಬೀಜ?"

"ಮುಚ್ಳ ತೆಗೆಯೋ ಕೆಲ್ಸ ತಪ್ತದೆ," ಎಂದು ಅಮ್ಮ ನಕ್ಕಳು.

ಸಾಲಿನ ಹೆಂಗಸರೆಲ್ಲ ಬಂದು ನೋಡಿ ಹೋದರು. ಮೂರ್ನಾಲ್ಕು ಮನೆಗಳಲ್ಲಿ ಕೆಟಲ್‌ಗಳು ದಾರದ ಗೂಡುಗಳಾದವು. ನನಗೆ ಹೆಮ್ಮೆಯಾಗಿತ್ತು. ಕಣ್ಣಿದ್ದವಳಿಗೆ ಇಷ್ಟೆಲ್ಲ ಏಕೆ ಬೇಕು ಎಂದು ಯಾರೂ ಕೇಳಲಿಲ್ಲ.

ಆ ಎರಡು ವರ್ಷ ನಾನು ಹೇಗೆ ಬದುಕಿದೆನೋ. ತರಗತಿಯಲ್ಲಿ ಕೂತರೂ ಒಲೆಯ ಮುಂದೆ ಅಮ್ಮನ ಸೆರಗು ಎಲ್ಲಿದೆ ಎಂಬುದೇ ಯೋಚನೆ. ಮಧ್ಯಾಹ್ನದ ಗಂಟೆ ಹೊಡೆದರೆ ಮನೆಗೆ ಓಡುತ್ತಿದ್ದೆ. ಬೀದಿಯ ತಿರುವಿನಲ್ಲಿ ಜನ ಗುಂಪಾಗಿ ನಿಂತಿಲ್ಲ ಎಂದು ಕಂಡಮೇಲೆಯೇ ಉಸಿರು ಬಿಡುತ್ತಿದ್ದೆ. ಅವಳ ಕೈ ಸುಟ್ಟಾಗ ಎಣ್ಣೆ ಸಿಡಿಯಿತೆಂದು ಅಪ್ಪನಿಗೆ ಸುಳ್ಳು ಹೇಳಿದೆ. ಬಿದ್ದಾಗ ನಾನೇ ನೆಲದ ಮೇಲೆ ನೀರು ಚೆಲ್ಲಿದ್ದೆ ಎಂದೆ. ಎಷ್ಟೋ ಸಲ ಹೇಳಿಬಿಡೋಣ ಅನ್ನಿಸಿ ಬಾಯಿ ತೆರೆದಿದ್ದೇನೆ. ಆಗೆಲ್ಲ ಅಜ್ಜಿ ಕೂತಿದ್ದ ಕಂಬ ಕಣ್ಣ ಮುಂದೆ ಬರುತ್ತಿತ್ತು.

ಗುಟ್ಟು ಬಯಲಾದದ್ದು ಅಪ್ಪನ ಪ್ರೀತಿಯಿಂದ. ಒಂದು ಭಾನುವಾರ ನಾನು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ, ವರ್ಕ್‌ಶಾಪಿನಲ್ಲಿ ಬಿಡುವಾದಾಗಲೆಲ್ಲ ಕೂತು ಮಾಡಿದ್ದ ಮರದ ಪೆಟ್ಟಿಗೆಯನ್ನು ಅವನು ಅಮ್ಮನಿಗೆಂದು ತಂದಿದ್ದ. ಒಳಗೆ ಉಂಡೆಗಳಿಗೆಂದು ಹನ್ನೆರಡು ಖಾನೆಗಳು, ಮೇಲೆ ವಾರ್ನಿಷ್. ಅಮ್ಮ ಬಟ್ಟೆ ಒಗೆಯಲು ಹೋಗಿದ್ದಳು. ಅವಳು ಬರುವಷ್ಟರಲ್ಲಿ ಅಪ್ಪ ಡಬ್ಬಿಗಳನ್ನೆಲ್ಲ ಖಾಲಿ ಮಾಡಿ, ಬೀಜಗಳನ್ನು ಇಲಿ ತಂದ ಕಸವೆಂದು ಗುಡಿಸಿ, ಕಡ್ಡಿಗಳ ಗಂಟುಗಳನ್ನು ಬ್ಲೇಡಿನಲ್ಲಿ ಕೊಯ್ದು, ಎಲ್ಲವನ್ನೂ ಒರೆಸಿ ಜೋಡಿಸಿದ್ದ.

ನಾನು ಅಕ್ಕಿ ಹೊತ್ತು ಒಳಗೆ ಬಂದಾಗ ಅಮ್ಮ ಪೆಟ್ಟಿಗೆಯ ಮುಂದೆ ಕೂತಿದ್ದಳು. ಅಪ್ಪನ ಮುಖದಲ್ಲಿ ನಗು.

"ಎಂಗಿದೆ?"

"ಚೆನ್ನಾಗದೆ," ಎಂದಳು ಅಮ್ಮ. ಅವಳ ಬೆರಳುಗಳು ಪೆಟ್ಟಿಗೆಯ ಅಂಚಿನಲ್ಲಿ ಓಡಾಡುತ್ತಿದ್ದವು.

"ಕೆಂಪುದಾರ ತೆಗಿ ನೋಡಾನ. ಮೇಲಿನ ಸಾಲ್ನಲ್ಲೇ ಇಟ್ಟಿವ್ನಿ."

ನಾನು ಅಕ್ಕಿಚೀಲವನ್ನು ಕೆಳಗಿಳಿಸಲೂ ಆಗದೆ ನಿಂತೆ. ಅಮ್ಮ ಒಂದು ಉಂಡೆ ತೆಗೆದು ಅವನ ಕಡೆ ಚಾಚಿದಳು. ಅದು ಹಸಿರು. ಅವನು ನಿಂತಿದ್ದ ಕಡೆಗೂ ಅವಳ ಕೈ ಚಾಚಿರಲಿಲ್ಲ. ಅಪ್ಪ ಸದ್ದಿಲ್ಲದೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದ. ಅಮ್ಮನ ಕೈ ಅಲ್ಲೇ ಇತ್ತು. ಅವನು ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ.

ಮರುದಿನವೇ ಬಂಗಾರಪೇಟೆಗೆ ಹೋಗಿ, ಅಲ್ಲಿಂದ ಬೆಂಗಳೂರಿನ ರೈಲು ಹಿಡಿದೆವು. ಆಸ್ಪತ್ರೆಯಲ್ಲಿ ಅಮ್ಮನ ಕಣ್ಣಿಗೆ ಔಷಧಿ ಬಿಟ್ಟು ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರು. ಒಳಗೆ ಡಾಕ್ಟರಮ್ಮ ಅಪ್ಪನಿಗೂ ನನಗೂ ಹೇಳಿದರು. ಕಣ್ಣಿನೊಳಗಿನ ಒತ್ತಡ ನರವನ್ನು ತಿಂದಿದೆ. ಹೋದದ್ದು ಬರುವುದಿಲ್ಲ. ಉಳಿದಿರುವ ಚೂರಿಗೆ ದಿನಾ ಹನಿ ಹಾಕಿ ನೋಡಬೇಕು.

"ಎರಡು ವರ್ಷ ಮೊದಲು ಕರೆತಂದಿದ್ದರೆ ಬಹಳಷ್ಟು ಉಳಿಸಬಹುದಿತ್ತು. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವೇ?"

"ಇಲ್ಲ ಮೇಡಂ," ಎಂದ ಅಪ್ಪ.

ವಾಪಸು ಬರುವಾಗ ಬಂಗಾರಪೇಟೆಯಲ್ಲಿ ನಮ್ಮ ಗಾಡಿಗೆ ಬಹಳ ಹೊತ್ತಿತ್ತು. ಅಮ್ಮ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಬೆಂಚಿನಲ್ಲಿ ಕೂತಿದ್ದಳು. ಅಪ್ಪ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ನಾನು ಹಿಂದೆ ಹೋಗಿ ಎಲ್ಲ ಹೇಳಿದೆ. ಗಂಟು, ಬೀಜ, ಕೆಟಲ್, ಸುಳ್ಳು, ಎರಡು ವರ್ಷ. ಹೊಡೆಯಲಿ ಎಂದು ಕಾದೆ. ಅವನು ಹೊಡೆಯಲಿಲ್ಲ. ತೆರೆದ ನಲ್ಲಿಯನ್ನು ಹಾಗೇ ಬಿಟ್ಟು ಪ್ಲಾಟ್‌ಫಾರ್ಮಿನ ತುದಿಯವರೆಗೂ ನಡೆದುಹೋಗಿ ನಮಗೆ ಬೆನ್ನು ಮಾಡಿ ನಿಂತ.

"ನಿಮ್ಮಪ್ಪ ಎಲ್ಲೆ?" ಎಂದಳು ಅಮ್ಮ.

"ನೀರು ಕುಡಿಯಕ್ಕೆ ಓಗವ್ನೆ," ಎಂದೆ.

ಆಮೇಲೆ ಅಮ್ಮ ಹೆದರಿದ್ದೇ ಆಯಿತು. ಒಲೆಯ ಹತ್ತಿರ ಬರಬೇಡ ಎಂದ ಅಪ್ಪ. ನೀರಿಗೆ ಹೋಗಬೇಡ, ದಾರ ಮುಟ್ಟಬೇಡ, ಉಳಿದ ಕಣ್ಣಿಗೆ ಆಯಾಸವಾದೀತು ಎಂದ. ಪೆಟ್ಟಿಗೆ ಅಟ್ಟಕ್ಕೇರಿತು. ಅಮ್ಮ ಬಾಗಿಲ ಬಳಿ ಚಾಪೆಯ ಮೇಲೆ ಕೂತಳು. ಅವಳ ಬಲಗೈಯ ಎರಡು ಬೆರಳು ಇಲ್ಲದ ಕಡ್ಡಿ ಹಿಡಿದು ಇಲ್ಲದ ದಾರ ಎಳೆಯುತ್ತಲೇ ಇರುತ್ತಿದ್ದವು. ಅದನ್ನು ನೋಡಲಾಗದೆ ಶಾಲೆಯಿಂದ ಬಂದವಳು ಹಿತ್ತಲ ಬಾಗಿಲಿನಿಂದ ಒಳಗೆ ಹೋಗುತ್ತಿದ್ದೆ. ಅಪ್ಪನದು ನನ್ನೊಡನೆ ಬೇಕಾದಷ್ಟೇ ಮಾತು: ಸೀಮೆಎಣ್ಣೆ ಇದೆಯಾ, ಹನಿ ಹಾಕಿದೆಯಾ.

ನಾಲ್ಕು ತಿಂಗಳು ಹೀಗೆ ಕಳೆದ ಮೇಲೆ ಒಂದು ಬೆಳಿಗ್ಗೆ ಅಮ್ಮ ಉಪ್ಪಿಟ್ಟಿನ ತಟ್ಟೆ ದೂರ ಸರಿಸಿದಳು.

"ಕೈಗೇನಾದ್ರೂ ಕೊಡಿ. ಇಲ್ಲಾಂದ್ರೆ ಉಣ್ಣಾಕಿಲ್ಲ ನಾನು."

ಎರಡು ದಿನ ಉಣ್ಣಲೇ ಇಲ್ಲ. ಮೂರನೆಯ ದಿನ ಅಪ್ಪ ಅಟ್ಟ ಹತ್ತಿದ. ಅಂದಿನಿಂದ ಅವಳು ಬಿಳಿ ದಾರವೊಂದನ್ನೇ ಹಿಡಿದಳು. ಬೇರೆ ಬಣ್ಣ ಕೇಳಲಿಲ್ಲ.

ನಾನು ಕಾಲೇಜಿಗೆ ಸೇರುವ ಹೊತ್ತಿಗೆ ಉಳಿದ ಬೆಳಕೂ ಹೋಯಿತು. ಅದು ಹೋದ ವಾರವೇ, ಸಂಜೆ ಹನಿ ಹಾಕಲು ನಾನು ಅವಳ ತಲೆ ಎತ್ತಿ ಹಿಡಿದಿದ್ದಾಗ ಕೇಳಿದಳು. "ಅವತ್ತು ನಲ್ಲಿ ತಾವ ನೀನು ಕೇಳಿದ್ಯಲ್ಲ, ಆಗ್ಲೇ ತೋರ್ಸಿದ್ರೆ ಉಳೀತಿತ್ತೇನೆ?"

ನಾನು ಶೀಶೆಯನ್ನು ಅವಳ ಕಣ್ಣಿನಿಂದ ದೂರ ತೆಗೆದೆ. ಚಪ್ಪರದಡಿ ಸೈಕಲ್ ಒರೆಸುತ್ತಿದ್ದ ಅಪ್ಪ ಒಳಗೆ ಬಂದು ನನ್ನ ಪಕ್ಕ ನಿಂತ.

"ಇಲ್ಲ," ಎಂದ. "ಡಾಕ್ಟರಮ್ಮ ಏಳವ್ರೆ. ಯಾವಾಗ ತೋರ್ಸಿದ್ರೂ ಇಷ್ಟೇ ಅಂತೆ."

ನನ್ನ ಕೈಯಿಂದ ಶೀಶೆ ತೆಗೆದುಕೊಂಡು ಹನಿಯನ್ನು ಅವನೇ ಹಾಕಿದ. ಅಮ್ಮ ನಂಬಿದಳೋ ಇಲ್ಲವೋ ಗೊತ್ತಿಲ್ಲ. ಮತ್ತೆಂದೂ ಕೇಳಲಿಲ್ಲ.