ಗುಂಡಿನ ತೂಕ ನೋಡುತ್ತಿದ್ದ ಕಾಕಾ

ಎರಡು ಅಂಗೈಗಳಲ್ಲಿ ಒಂದೊಂದು ತೋಟಾ ಇಟ್ಟುಕೊಂಡು, ಕಣ್ಣು ಮುಚ್ಚಿ, ಅಡುಗೆಮನೆಯ ಕಿಟಕಿಯ ಮುಂದೆ ನಿಂತಿರುತ್ತಿದ್ದರು ಕಾಕಾ. ಬಲಗೈ ಕೊಂಚ ಕೆಳಗೆ, ಎಡಗೈ ಕೊಂಚ ಮೇಲೆ. ಬೆರಳುಗಳು ದಪ್ಪ, ಉಗುರುಗಳು ಮಾತ್ರ ಬುಡಕ್ಕೇ ಕತ್ತರಿಸಿದಂಥವು. ಲಂಡನ್ನಿನ ಸಟನ್‌ನಲ್ಲಿ ಅವರ ಮತ್ತು ನಮ್ಮ ಮನೆಗಳ ನಡುವೆ ಇದ್ದದ್ದು ಮೋಟು ಬೇಲಿ. ಅದರಾಚೆಯಿಂದ ನೋಡಿದವರಿಗೆ ಇವರು ಯಾವುದೋ ವ್ರತ ಹಿಡಿದಿದ್ದಾರೆ ಅನ್ನಿಸಬೇಕು. ವ್ರತವೇ ಅದು. ಯಾಕೆಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಬೆಳಗಾವಿ ಕಡೆಯ ದೊಡ್ಡ ವಾಡೆಯ ಮನೆತನದಿಂದ ಬಂದವರು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ನಾನು ಬೆಂಗಳೂರಿನವಳು, ಗಂಡನ ವರ್ಕ್ ವೀಸಾದ ಬಾಲ ಹಿಡಿದು ತೊಂಬತ್ತರ ದಶಕದ ಕೊನೆಗೆ ಅಲ್ಲಿಗೆ ಬಂದೆ. ಬಂದ ಮೊದಲ ದಿನ ಕಾಕಾ ಬೇಲಿಯ ಹತ್ತಿರ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ನನ್ನ ತೂಕ ಹೇಳಿಬಿಟ್ಟರು. ಸಿಟ್ಟು ಬಂತು, ಯಾಕೆಂದರೆ ಸರಿಯಾಗಿತ್ತು. ಎಲ್ಲರಿಗೂ ಹಾಗೇ ಮಾಡುತ್ತಿದ್ದರು. ಕಿಂಗ್ಸ್‌ಬರಿಯ ಕನ್ನಡದವರ ಕೂಟಗಳಲ್ಲಿ ಹೆಂಗಸರು ಇವರನ್ನು ಕಂಡರೆ ಸೆರಗು ಸರಿಪಡಿಸಿಕೊಂಡು ದೂರ ಸರಿಯುತ್ತಿದ್ದರು. "ವಜ್ಜಾ ತಪ್ಪಿದ್ರ ಔಷಧನೂ ವಿಷ ಆಗತೈತಿ" ಎನ್ನುವುದು, ತೂಕ ನೋಡಿಯೇ ಮದ್ದಿನ ಪ್ರಮಾಣ ಅಳೆಯುವ ಅವರ ಮಾತು. ನನ್ನ ಮಗಳಿಗೆ ಟಾನ್ಸಿಲ್ ತೆಗೆದ ದಿನ ಅವಳ ತಲೆಯ ಹತ್ತಿರ ಕೂತವರು ಅವರೇ. ಅವಳು ನೋವಿಲ್ಲದೆ ಎದ್ದು ಐಸ್‌ಕ್ರೀಮ್ ಕೇಳಿದಳು. ಆ ಋಣ ನನ್ನ ಮೇಲೆ ಇದ್ದೇ ಇದೆ.

ಅವರಲ್ಲಿ ಪೊಲೀಸ್ ಪರವಾನಗಿಯ ರೈಫಲ್ ಒಂದಿತ್ತು, ಹಿಡಿಯ ಕೆಳಗಿನ ಲಿವರನ್ನು ಎಳೆದು ಮುಚ್ಚಿದರೆ ಮುಂದಿನ ತೋಟಾ ಬಂದು ಕೂರುವಂಥದ್ದು. ಸಸೆಕ್ಸ್‌ನ ರೈತನೊಬ್ಬ ತನ್ನ ಎಳೆಯ ಗಿಡಗಳನ್ನು ತಿನ್ನುವ ಜಿಂಕೆ ಹೊಡೆಯಲು ಇವರಿಗೆ ಒಪ್ಪಿಗೆ ಕೊಟ್ಟಿದ್ದ. ಮಾಂಸ ಮುಟ್ಟದ ಪುಳಿಚಾರ್ ಮನೆತನದ ನನಗೆ ಇದು ಹಿಡಿಸುತ್ತಿರಲಿಲ್ಲ. ದಿನವಿಡೀ ಜನರ ನೋವು ತೆಗೆಯುವವರು ರಜೆಯಲ್ಲಿ ಇದೇನು ಕೆಲಸ ಎಂದು ಜಗಳವಾಡಿದ್ದೇನೆ. "ಸಾಯೂದು ಅದಕ್ಕ ಗೊತ್ತಾಗಬಾರದು ಮಗಳ. ಅಷ್ಟ ನನ್ನ ಜವಾಬ್ದಾರಿ" ಎಂದಿದ್ದರು.

ಆ ಜವಾಬ್ದಾರಿಯೆಲ್ಲ ಅವರ ಪ್ರಕಾರ ಗುಂಡಿನ ತೂಕದಲ್ಲಿತ್ತು. ಗುಂಡಿನ ತೂಕದ ಅಳತೆ ಗ್ರೇನ್; ಆ ರೈಫಲ್ಲಿಗೆ ಎರಡು ತೂಕದವು ಸಿಗುತ್ತಿದ್ದವು. ನೂರೈವತ್ತು ಗ್ರೇನಿನದು ಹಗುರ, ಜೋರಾಗಿ ಹೋಗುತ್ತದೆ, ದೂರದಲ್ಲೂ ಹೆಚ್ಚು ಕೆಳಗಿಳಿಯುವುದಿಲ್ಲ. ನೂರೆಪ್ಪತ್ತರದು ನಿಧಾನ, ಆದರೆ ಭುಜದ ಎಲುಬು ಅಡ್ಡ ಬಂದರೂ ಒಳಗಿಳಿಯುತ್ತದೆ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಬೆನ್ನಿಗೊಂದು ಮೂತಿ ತಾಗಿಸಿ ಕೂರುವುದರಿಂದ ಎರಡರ ಮೂತಿಯೂ ಮೊಂಡು. ಬಹಳ ಯೋಚಿಸಿ ಕಾಕಾ ಹಗುರದ್ದನ್ನೇ ಆರಿಸಿದ್ದರು.

ಖಂಡೆ ನವಮಿಯ ದಿನ ಅವರ ವಾಡೆಯಲ್ಲಿ ಕತ್ತಿ ಕೋವಿಗಳಿಗೆ ಪೂಜೆ. ಸಟನ್‌ನಲ್ಲೂ ಅದು ತಪ್ಪಲಿಲ್ಲ. ಕಾಕಾ ಉಕ್ಕಿನ ಕಪಾಟಿನ ಬೀಗ ತೆಗೆದು, ಖಾಲಿ ರೈಫಲ್ಲನ್ನು ಮಣೆಯ ಮೇಲೆ ಮಲಗಿಸುತ್ತಿದ್ದರು. ಅವರ ಹೆಂಡತಿ ಕಾಕು ಅರಿಸಿನ ಕುಂಕುಮ ಹಚ್ಚಿ ಆರತಿ ಬೆಳಗಿ, ಸಂಜೆ ಅದನ್ನು ಸೆರಗಿನಿಂದಲೇ ಒರೆಸಿ ಕೊಡುತ್ತಿದ್ದರು. ಮಗುವಿನ ಮುಖ ಒರೆಸುವಷ್ಟು ಅಕ್ಕರೆ.

ಒಂದು ವರ್ಷ ಪೂಜೆ ಮುಗಿದ ವಾರವೇ ಕಾಕಾ ಕಾಡಿಗೆ ಹೋದರು. ಜಿಂಕೆಗೆ ಗುಂಡು ತಗಲಿತು, ಬೀಳಲಿಲ್ಲ. ಮುಂಗಾಲು ನೇತಾಡಿಸಿಕೊಂಡು ಪೊದೆಗಳೊಳಗೆ ಓಡಿತು. ರೈತನ ನಾಯಿಯನ್ನು ಕರೆದುಕೊಂಡು ಕತ್ತಲಾಗುವವರೆಗೆ ಹುಡುಕಿದರು, ಮರುದಿನವೂ ಹೋಗಿ ಹುಡುಕಿದರು. ಅದರ ಮರುದಿನ ರೈತ ಫೋನ್ ಮಾಡಿದ. ಬೇಲಿಯ ಸಂದಿಯಲ್ಲಿ ಸಿಕ್ಕಿತಂತೆ, ಇನ್ನೂ ಉಸಿರಾಡುತ್ತಿತ್ತಂತೆ, ತಾನೇ ಮುಗಿಸಿದನಂತೆ. ಕಾಕಾ ಫೋನ್ ಇಟ್ಟು ಮೆಟ್ಟಿಲ ಮೇಲೆ ಕೂತವರು ಊಟಕ್ಕೂ ಏಳಲಿಲ್ಲ ಎಂದು ಕಾಕು ನನ್ನ ಹತ್ತಿರ ಬಂದು ಅತ್ತರು.

ಗುಂಡೇ ಹಗುರಾಯಿತು ಎಂದು ಕಾಕಾ ಹೇಳುತ್ತಿದ್ದರು. ಎರಡೂ ತೂಕದವನ್ನು ಹೊಡೆದು ನೋಡಬೇಕು ಎಂದು ಶೂಟಿಂಗ್ ರೇಂಜಿಗೆ ಹೊರಟರು. ನಿದ್ದೆಗೆಟ್ಟವರಿಗೆ ಸ್ಟೀರಿಂಗ್ ಕೊಡದೆ ಕಾರು ನಾನೇ ಓಡಿಸಿದೆ.

ಹಗುರದ್ದು ಕಾಗದದ ಗುರಿಯಲ್ಲಿ ತೀರ ಕೆಳಗೆ ತಗಲಿತು. ಭಾರದ್ದೂ ತೀರ ಕೆಳಗೇ ತಗಲಿತು. ಕಾಕಾ ಕನ್ನಡಕ ಹಣೆಗೇರಿಸಿ ರೈಫಲ್ಲನ್ನು ಕಣ್ಣಿನ ಹತ್ತಿರ ಹಿಡಿದರು. ಗುರಿ ನೋಡುವ ಹಿಂದಿನ ಕಚ್ಚಿನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಸಣ್ಣ ತಗಡು ಇರುತ್ತದೆ. ಅದು ಒಂದು ಮೆಟ್ಟಿಲು ಜಾರಿದರೆ ಕಚ್ಚು ತಗ್ಗುತ್ತದೆ, ಗುಂಡೂ ಕೆಳಗೆ ಹೋಗುತ್ತದೆ. ತಗಡು ಜಾರಿತ್ತು. ಅದರ ಸಂದಿಯಲ್ಲಿ ಅರಿಸಿನ ಒಣಗಿ ಕೂತಿತ್ತು, ಜೊತೆಗೆ ಕಾಕು ಒರೆಸಿದ ಸೆರಗಿನ ಒಂದು ಎಳೆ.

ಕಾಕಾ ರೈಫಲ್ಲನ್ನು ಮೆಲ್ಲಗೆ ಕೆಳಗಿಟ್ಟರು. ಬೆರಳ ತುದಿಯಿಂದ ಆ ಎಳೆಯನ್ನು ಬಿಡಿಸಿ ಜೇಬಿಗೆ ಹಾಕಿಕೊಂಡರು.

"ನೋಡದ ಹೋಗಿದ್ದು ನಾ. ತಪ್ಪು ನಂದ" ಎಂದರು. "ಅಕಿ ಮುಂದ ಹೇಳಬ್ಯಾಡ ಮಗಳ. ಹೇಳಿದ್ರ ಅಕಿ ದೇವರಿಗೆ ಕೈ ಮುಗಿಯೂದ ಬಿಡ್ತಾಳ."

ಮನೆಗೆ ಬಂದು ಹೆಂಡತಿಗೆ ಹಗುರ ಗುಂಡಿನ ಕಥೆಯನ್ನೇ ಮತ್ತೆ ಹೇಳಿದರು. ಒಂದು ಸುಳ್ಳಿಗೆ ನೂರು ಸುಳ್ಳು ಎನ್ನುತ್ತಾರೆ. ಕಾಕಾ ಒಂದನ್ನೇ ವರ್ಷಗಟ್ಟಲೆ ಹೇಳಿದರು. ಮತ್ತೆ ಜಿಂಕೆಗೆ ಗುರಿಯಿಡಲು ಅವರಿಂದಾಗಲಿಲ್ಲ. ಆದರೆ ಇದ್ದಕ್ಕಿದ್ದಂತೆ ಬಿಟ್ಟರೆ ಕಾಕು ಕಾರಣ ಕೇಳುತ್ತಾರಲ್ಲ? ಹಾಗಾಗಿ ಗುಂಡಿನ ತೂಕ ಇನ್ನೂ ನಿಕ್ಕಿಯಾಗಿಲ್ಲ ಎನ್ನುವುದೇ ಅವರ ನೆಪವಾಯಿತು. ಕಿಟಕಿಯ ಮುಂದಿನ ಆ ನಿಲುವು ಆಗ ಶುರುವಾದದ್ದು. ರೇನರ್ಸ್ ಲೇನ್‌ನಲ್ಲಿ ಯಾರದೋ ಮನೆಯ ಊಟಕ್ಕೆ ಹೋದಾಗ, ಡಾಕ್ಟರು ಪೇಷಂಟಿನ ತೂಕ ಕ್ಷಣದಲ್ಲಿ ಹೇಳುತ್ತಾರೆ, ಗುಂಡಿನ ತೂಕಕ್ಕೆ ಮಾತ್ರ ವರ್ಷಗಳು ಬೇಕು ಎಂದು ಜನ ಚೇಷ್ಟೆ ಮಾಡಿದರು. ಕಾಕಾ ಎಲ್ಲರಿಗಿಂತ ಜೋರಾಗಿ ನಕ್ಕರು. ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಎದ್ದು ಹೋದೆ.

ಪ್ರತಿ ಖಂಡೆ ನವಮಿಗೂ ಕಪಾಟು ತೆರೆಯುತ್ತಿದ್ದರು. ಕಾಕು ಸೆರಗಿನಿಂದ ಒರೆಸುವಾಗ ಅವರು ಎದುರಿಗೇ ಕೂತು ನೋಡುತ್ತಿದ್ದರು, ಒಮ್ಮೆಯೂ ತಡೆಯಲಿಲ್ಲ. ಆಗ ಅವರ ಮುಖ ನೋಡುವುದು ಕಷ್ಟ. ಒಮ್ಮೆ ನಾನು ತಾಳಲಾರದೆ, ಸತ್ಯ ಹೇಳಿ ಹಗುರಾಗಿ ಎಂದು ರೇಗಿದೆ. ಹಗುರಾಗುವವರು ತಾವು, ಭಾರ ಹೊರುವವಳು ಅವಳು, ಅದು ಎಲ್ಲಿಯ ನ್ಯಾಯ ಎಂದು ಕೇಳಿದರು. 

ನಿವೃತ್ತರಾದ ಮರುವರ್ಷ, ಬೆಳಗಿನ ಚಹಾ ಕುಡಿಯುತ್ತಲೇ ಹೃದಯ ನಿಂತು ಹೋದರು. ಅವರಿಗೂ ಗೊತ್ತಾಗಿರಲಿಕ್ಕಿಲ್ಲ ಎಂದುಕೊಂಡು ನಾನು ಸಮಾಧಾನ ಮಾಡಿಕೊಂಡೆ. ಪೊಲೀಸರು ಬಂದು ರೈಫಲ್ ಮತ್ತು ತೋಟಾಗಳನ್ನು ಒಯ್ದರು. ಅವರನ್ನು ಕಳಿಸಿ ಬಾಗಿಲು ಹಾಕಿ ಬಂದ ಕಾಕು ನನ್ನ ಪಕ್ಕ ಕೂತರು. ಮದ್ದುಗುಂಡಿನ ಅಂಗಡಿಯವನನ್ನು ಮನಸಾರೆ ಶಪಿಸಿದರು. ಹಗುರದ್ದು ಮಾರಿ ತನ್ನ ಗಂಡನ ನಿದ್ದೆ ತಿಂದನಂತೆ. ಆಮೇಲೆ ಕೇಳಿದರು:

"ಸರಿಯಾದದ್ದು ಎಷ್ಟು ವಜ್ಜಾ ಹೆಚ್ಚಿರಬೇಕಿತ್ತವಾ?"

"ಇಪ್ಪತ್ತು ಗ್ರೇನ್, ಕಾಕು."

ಅದು ಎಷ್ಟಾಯಿತು ಎಂದು ಅವರಿಗೆ ತಿಳಿಯಲಿಲ್ಲ. ಒಂದು ಗ್ರಾಮಿಗಿಂತ ಚೂರು ಹೆಚ್ಚು ಎಂದೆ.

"ಅಷ್ಟಕ್ಕ ಇಷ್ಟು ವರ್ಷ ಕೊರಗಿದ್ರೇನು?" ಎಂದರು ಕಾಕು. ನಾನು ಹೌದೆಂದೆ.