ಮುದಿ ಸಿಪಾಯಿಗಳ ಮನೆಗೆ ಮನ್ಮಥಪ್ಪನ ಜಾವಾ

ನಾಸಿಕದ ಬಳಿಯ ಓಝರ್, ಭಾನುವಾರ ಬೆಳಗಿನ ಐದೂವರೆ. ೧೯೭೪ರ ಜನವರಿಯ ಚಳಿಗೆ ಕಾಲೊನಿಯ ನಾಯಿಗಳೂ ಮುದುಡಿ ಮಲಗಿವೆ. ಮನ್ಮಥಪ್ಪ ತಮ್ಮ ಜಾವಾ ಮೋಟಾರುಸೈಕಲ್ಲಿನ ಹಿಂದಿನ ಸೀಟಿಗೆ ಕೌದಿ ಮಡಚಿ ಕಟ್ಟುತ್ತಿದ್ದಾರೆ. ಹೆಗಲ ಮೇಲೆ ಹೆಂಡತಿ ಅನಸೂಯ ಅವರ ಹಳೆಯ ನೂಲಿನ ಸೀರೆ. ಹಿಂದೆ ಕೂರುವವರಿಗೆ ಎಂಬತ್ತರ ಆಸುಪಾಸು. ಅವರನ್ನು ಆ ಸೀರೆಯಿಂದ ತಮ್ಮ ಸೊಂಟಕ್ಕೆ ಬಿಗಿದುಕೊಳ್ಳದೆ ಇವರು ಗಾಡಿ ಬಿಡುವುದಿಲ್ಲ.

"ಮುದುಕರ ಕೈಯಾಗ ಹಿಡಿಯೋ ಶಕ್ತಿ ಇರಂಗಿಲ್ರಿ. ಬೀಳ್ತೀನಪಾ ಅಂತ ಬಾಯಿಬಿಟ್ಟು ಹೇಳಂಗೂ ಇಲ್ಲ, ಸಿಪಾಯಿಗಳು ನೋಡ್ರಿ!"

ಬಸವಕಲ್ಯಾಣದ ಕಡೆಯ ಮನ್ಮಥಪ್ಪನವರಿಗೆ ಈಗ ನಲವತ್ತೊಂದು. ವಾರದಲ್ಲಿ ಆರು ದಿನ ಇಲ್ಲಿನ ವಿಮಾನ ಕಾರ್ಖಾನೆಯಲ್ಲಿ ರಿವೆಟ್ ಹೊಡೆಯುತ್ತಾರೆ. ಏಳನೆಯ ದಿನ ಮೊದಲ ಮಹಾಯುದ್ಧಕ್ಕೆ ಹೋಗಿಬಂದ ಸಿಪಾಯಿಗಳಿಗೆ ಮೀಸಲು. ಅವರ ಮನೆಗೆ ಹೋಗುತ್ತಾರೆ, ನೆಟ್ಟಗೆ ನಿಂತು ಸಲ್ಯೂಟ್ ಹೊಡೆಯುತ್ತಾರೆ, ಹೇಳಿದ ಕತೆಯನ್ನೇ ಮತ್ತೆ ಕೇಳುತ್ತಾರೆ. ಹಳೆಯ ಜೊತೆಗಾರ ಬದುಕಿದ್ದರೆ ಅವನ ಊರಿಗೂ ಕರೆದೊಯ್ಯುತ್ತಾರೆ.

ಇದರ ಹಿಂದೆ ಒಂದು ನೋವಿದೆ. ೧೯೭೧ರಲ್ಲಿ ನಿಫಾಡದ ಚಹಾದಂಗಡಿಯಲ್ಲಿ ಧೋಂಡಿಬಾ ಗಾಂಗುರ್ಡೆ ಎಂಬ ವೃದ್ಧ ಇವರ ಗಾಡಿ ನೋಡಿ ಹತ್ತಿರ ಬಂದರು. ಯುದ್ಧದಲ್ಲಿ, ಇರಾಕಿನ ಬಸ್ರಾದಲ್ಲಿ ಗುಂಡೇಟು ತಿಂದಾಗ ತನ್ನನ್ನು ಹೊತ್ತು ತಂದ ರಾಣೋಜಿ ಔರಂಗಾಬಾದಿನಲ್ಲಿದ್ದಾನೆ, ಬಸ್ಸಿನ ನೂಕುನುಗ್ಗಲು ತನ್ನಿಂದಾಗದು, ಒಮ್ಮೆ ಕರೆದೊಯ್ಯುತ್ತೀಯಾ ಎಂದು ಕೇಳಿದರು. ಮನ್ಮಥಪ್ಪ ಒಪ್ಪಿದರು. ವೃದ್ಧರು ಗೆಳೆಯನಿಗೆ ಕಾರ್ಡನ್ನೂ ಬರೆಸಿ ಹಾಕಿದರು. ಆದರೆ ಓವರ್‌ಟೈಮಿನ ನೆಪದಲ್ಲಿ ಮನ್ಮಥಪ್ಪ ಮೂರು ಸಲ "ಮುಂದಿನ ವಾರ" ಎಂದರು.

ನಾಲ್ಕನೆಯ ವಾರ ಹೋದಾಗ ರಾಣೋಜಿ ತೀರಿಕೊಂಡು ಐದು ದಿನವಾಗಿತ್ತು.

"ಅವರ ಹೆಂಡತಿ ಶಾಂತಾಬಾಯಿ ನಮಗ ಒಂದು ಮಾತು ಅನ್ನಲಿಲ್ರಿ. ಮೂರು ಐತವಾರನೂ ದಾಡಿ ಮಾಡಿಸ್ಕೊಂಡು ಬಾಗಿಲಾಗ ಕುಂತಿದ್ರು ಅಂದ್ರು, ಅಷ್ಟ. ಬೈದಿದ್ರ ಛಲೋ ಇತ್ತು."

ಧೋಂಡಿಬಾ ಖಾಲಿ ಬಾಗಿಲಿಗೆ ಸಲ್ಯೂಟ್ ಹೊಡೆದು ಗಾಡಿ ಏರಿದರು. ವಾಪಸು ದಾರಿಯಲ್ಲಿ ವೈಜಾಪುರ ದಾಟಿತು. ಆಮೇಲೆ ಹಿಂದಿನಿಂದ, ಮರಾಠಿಯಲ್ಲಿ, ಒಂದೊಂದೇ ಹೆಸರು ಹೇಳತೊಡಗಿದರು. ಹೆಸರು, ಊರು, ಹೆಸರು, ಊರು. ಒಟ್ಟು ಹನ್ನೊಂದು. "ಇವರು ಇನ್ನೂ ಇದ್ದಾರೆ. ತಡ ಮಾಡಬೇಡ ಮಗಾ" ಎಂದರು.

ಒಬ್ಬರು ಇನ್ನೊಬ್ಬರ ಹೆಸರು ಹೇಳುತ್ತ, ಆ ಹನ್ನೊಂದು ಈ ಮೂರು ವರ್ಷಗಳಲ್ಲಿ ಮೂವತ್ತನಾಲ್ಕಾಯಿತು. ಮನ್ಮಥಪ್ಪನವರ ಜೊತೆಗೆ ಸಾತಪುರದ ಇಬ್ಬರು ಕಾರ್ಮಿಕರು, ನಾಸಿಕದ ಉಡುಪಿ ಹೋಟೆಲಿನ ಉಮಾನಾಥ, ಹೀಗೆ ನಾಲ್ವರು ಸವಾರರಾದರು. ಹಲ್ಲಿಲ್ಲದವರಿಗೆಂದು ಉಮಾನಾಥ ಮೆತ್ತನೆಯ ಇಡ್ಲಿ ತರುತ್ತಾರೆ. ಪೆಟ್ರೋಲ್ ತುಟ್ಟಿಯಾದ ಮೇಲೆ ಎರಡೇ ಗಾಡಿ ಹೊರಡುತ್ತವೆ. ಭಾನುವಾರ ಮಾತ್ರ ತಪ್ಪಿಲ್ಲ. ಓವರ್‌ಟೈಮನ್ನು ಮನ್ಮಥಪ್ಪ ರಾಣೋಜಿಯ ಮನೆಯಿಂದ ಮರಳಿದ ದಿನವೇ ಬಿಟ್ಟರು.

"ಮನೀಗೆ ತ್ರಾಸ ಆಗ್ತದ, ಸುಳ್ಳ್ಯಾಕ ಹೇಳ್ಲಿ?" ಎನ್ನುತ್ತಾರೆ ಅನಸೂಯ. "ಆದ್ರ ಔರಂಗಾಬಾದಿಂದ ಬಂದ ದಿನ ಇವರ ಮಾರಿ ನಾ ನೋಡೀನ್ರಿ."

ಧೋಂಡಿಬಾ ಹೋದ ವರ್ಷ ತೀರಿಕೊಂಡರು. ಮೂವತ್ತನಾಲ್ವರಲ್ಲಿ ಈಗ ಉಳಿದವರು ಹತ್ತೊಂಬತ್ತು ಮಂದಿ. ಎಲ್ಲರೂ ಹೋದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರೆ ಮನ್ಮಥಪ್ಪ ಕೌದಿಯ ಗಂಟನ್ನು ಮತ್ತೊಮ್ಮೆ ಎಳೆದು ನೋಡುತ್ತಾರೆ.

"ನಾವಂತೂ ಯುದ್ಧ ಕಂಡವರಲ್ಲ. ಆದ್ರ ಕಡೀ ಸಿಪಾಯಿ ಹೋದ ದಿನ, ಹೊರಲಿಕ್ಕ ಮಂದಿ ಇಲ್ಲ ಅಂತ ಆಗಬಾರದು. ನಾಲ್ಕು ಹೆಗಲು ಅದಾವಲ್ರಿ ನಮ್ಮವು."