ರೇಷ್ಮೆಯಲ್ಲಿ ಕಟ್ಟಿದ ಮಲ್ಲಿಗೆ

ಗಿಡದ ಹುಚ್ಚು ಇದ್ದದ್ದು ನನ್ನ ಹೆಂಡತಿಗೆ. ನಾನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟದ ಹೊತ್ತಿಗೇ ಏಳುತ್ತಿದ್ದವನು. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಹಿತ್ತಲು ಅಂದರೆ ನಾಲ್ಕು ಬಟ್ಟೆ ಒಣಹಾಕುವಷ್ಟು ಜಾಗ. ಅಷ್ಟರಲ್ಲೇ ಅವಳು ಕರಿಬೇವು, ದೊಡ್ಡಪತ್ರೆ, ಕನಕಾಂಬರ, ಒಡೆದ ಬಕೆಟ್ಟುಗಳಲ್ಲಿ ಸೇವಂತಿಗೆ ಎಲ್ಲವನ್ನೂ ತುರುಕಿದ್ದಳು. ಬಚ್ಚಲಿನ ಗೋಡೆ ಪಕ್ಕ ಯಳಂದೂರಿನ ತವರಿನಿಂದ ತಂದು ನೆಟ್ಟ ಮಲ್ಲಿಗೆ ಬಳ್ಳಿ ಇತ್ತು. ಅದು ತಲೆಗೆ ತಗುಲಿದಾಗಲೆಲ್ಲ ನಾನು ಬೈದುಕೊಂಡೇ ಒಳಗೆ ಹೋಗುತ್ತಿದ್ದೆ.

"ಬೈಬ್ಯಾಡಿ, ಅದ್ಕೂ ಕೇಳುಸ್ತದೆ" ಅನ್ನುತ್ತಿದ್ದಳು.

ಒಂದು ಆಷಾಢದ ಗಾಳಿಗೆ ಬಳ್ಳಿ ಕೋಲು ಬಿಟ್ಟು ನೆಲಕ್ಕೆ ಬಿತ್ತು. ಬೇರೆಯವರ ಮನೆಯಲ್ಲಾದರೆ ಬಾಳೆನಾರಿನಲ್ಲಿ ಕಟ್ಟುತ್ತಾರೆ. ನಾರು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೊಳೆತು ಉದುರುತ್ತದೆ, ಮತ್ತೆ ಕಟ್ಟಬೇಕು. ನಮ್ಮ ಬೀದಿಯಲ್ಲಿ ನಾರು ಹುಡುಕಿಕೊಂಡು ಯಾರು ಹೋಗುತ್ತಾರೆ? ಮಗ್ಗದಿಂದ ಸೀರೆ ಕೊಯ್ದ ಮೇಲೆ ಉಳಿಯುವ ರೇಷ್ಮೆ ಎಳೆಗಳು ಮನೆ ತುಂಬ ಬಿದ್ದಿರುತ್ತವೆ. ಚೀಲದ ಬಾಯಿ ಕಟ್ಟುವುದಕ್ಕೂ ಅದೇ, ಕ್ಯಾಲೆಂಡರ್ ತೂಗುಹಾಕುವುದಕ್ಕೂ ಅದೇ. ಅವಳು ಕೆಂಪು ಎಳೆಗಳನ್ನು ಹುರಿ ಮಾಡಿ, ಬಳ್ಳಿಯ ಬುಡದ ಹತ್ತಿರ ಕೋಲಿಗೆ ಸೇರಿಸಿ ಸುತ್ತಿ, ಬಿಗಿಯಾಗಿ ಗಂಟು ಹಾಕಿದಳು.

"ಇನ್ನು ಯಾವ್ ಗಾಳಿ ಬತ್ತದೋ ಬರ್ಲಿ" ಅಂದಳು.

ಆ ಕಾರ್ತಿಕದಲ್ಲಿ ಅವಳೇ ಹೋದಳು. ಜ್ವರ ಅಂತ ಮೈಸೂರಿಗೆ ಕರೆದುಕೊಂಡು ಹೋದೆವು, ಹೆಣ ತಂದೆವು.

ಚಳಿಗಾಲಕ್ಕೆ ಸೇವಂತಿಗೆ ಎಂದಿನಂತೆ ಅರಳಿದಾಗ ನನಗೆ ಕಿತ್ತೆಸೆಯುವಷ್ಟು ಸಿಟ್ಟು ಬಂತು. ಯಾರಿಗೆ ಅಂತ ಅರಳುತ್ತವೆ ಇವು? ಆದರೆ ನೀರು ಹಾಕದಿದ್ದರೆ ಮಗಳು ಬಿಡುವವಳಲ್ಲ. ಅವಳು ಹನೂರಿನ ತೋಟಗಾರಿಕೆ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲೂ ಬಕೆಟ್ಟು ತಂದು ನನ್ನ ಮುಂದೆ ಇಟ್ಟು ಹೋಗುತ್ತಿದ್ದಳು. ಹಾಗೆ ಶುರುವಾಯಿತು. ಮಾಘದಲ್ಲಿ ಹೆಂಡತಿ ಮಾಡುತ್ತಿದ್ದ ಹಾಗೇ ಮಲ್ಲಿಗೆಯ ಎಲೆ ಸವರಿ, ತುದಿ ಕತ್ತರಿಸಿ, ಬುಡಕ್ಕೆ ಸಗಣಿ ಗೊಬ್ಬರ ಹಾಕಿದೆ. ಮಗ್ಗದಿಂದ ಎದ್ದು ಹಿತ್ತಲಿಗೆ ಬಂದು ಸುಮ್ಮನೆ ಕೂರುವುದು ಅಭ್ಯಾಸವಾಯಿತು. ಮನೆಯೊಳಗೆ ಇಲ್ಲದ ಏನೋ ಒಂದು ಅಲ್ಲಿ ಇತ್ತು.

ಆ ಬೇಸಿಗೆಯಲ್ಲಿ ಮಲ್ಲಿಗೆ ಹಿಂದೆಂದೂ ಬಿಡದಷ್ಟು ಹೂ ಬಿಟ್ಟಿತು. ಎಲೆಗಿಂತ ಮೊಗ್ಗೇ ಹೆಚ್ಚು. ಬೀದಿಯ ಹೆಂಗಸರು ಮಡಿಲು ತುಂಬಿಕೊಂಡು ಹೋದರು. "ನಿಮ್ಮೆಂಡ್ರೇ ಬಂದವ್ರೆ ಕಣಣ್ಣ" ಅಂದರು. ಇಂಥದ್ದನ್ನೆಲ್ಲ ನಂಬುವವನಲ್ಲ ನಾನು. ಆದರೂ ನಂಬಿದೆ. ಅವಳ ಪಟದ ಮುಂದೆ ಮೊಗ್ಗು ಸುರಿದು, ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಮರುವರ್ಷ ಎಲೆ ಬಿಳಿಚಿಕೊಂಡವು. ಮೊಗ್ಗು ಕಟ್ಟಿದ್ದೂ ಅರಳದೆ ಉದುರಿತು. ಮಳೆ ಬಂತು, ಕರಿಬೇವು ಚಿಗುರಿತು, ಕನಕಾಂಬರ ಚಿಗುರಿತು, ಇದೊಂದು ಮಾತ್ರ ಮಂಕು ಹಿಡಿದು ನಿಂತಿತು. ಬೇವಿನ ಹಿಂಡಿ ಹಾಕಿದೆ, ಮಣ್ಣು ಬದಲಿಸಿದೆ. ಒಂದು ಭಾನುವಾರ ಮಗಳು ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಕೆದಕುತ್ತಿದ್ದವಳು ಕರೆದಳು.

"ಅಪ್ಪ, ಇಲ್ ಬಾ. ದಾರ ಬಳ್ಳಿ ಒಳೀಕೇ ಓಗ್ಬುಟ್ಟದೆ."

ಬಗ್ಗಿ ನೋಡಿದೆ. ಬಳ್ಳಿ ದಪ್ಪವಾಗಿತ್ತು, ರೇಷ್ಮೆ ಒಂದು ಕೂದಲಷ್ಟೂ ಸಡಿಲಿರಲಿಲ್ಲ. ಎಳೆ ತೊಗಟೆಯನ್ನು ಕೊಯ್ದುಕೊಂಡು ಒಳಗಿಳಿದು ಕೂತಿತ್ತು. ಅದರ ಮೇಲೆ ಬಳ್ಳಿ ಊದಿಕೊಂಡಿತ್ತು, ಕೆಳಗೆ ಕಡ್ಡಿಯಾಗಿತ್ತು. ಮಗಳು ಕತ್ತರಿ ತರಲು ಎದ್ದಳು.

"ಬ್ಯಾಡ. ಅದು ನಿಮ್ಮವ್ವ ಆಕಿದ್ ಗಂಟು" ಅಂದೆ.

ನನ್ನ ಹೆಂಡತಿ ಎಡಗೈಯವಳು. ಅವಳ ಗಂಟು ನಮ್ಮೆಲ್ಲರ ಗಂಟಿಗಿಂತ ತಿರುಗುಮುರುಗು. ಮಗ್ಗದಲ್ಲಿ ಎಳೆ ಕಡಿದಾಗ ಗಂಟು ಹಾಕುತ್ತಿದ್ದವಳು ಅವಳೇ. ಮಗ್ಗಕ್ಕೆ ಬಿಗಿದ ಉದ್ದೆಳೆಗಳ ಹಾಸಿನ ಮೇಲೆ ಬೆರಳಾಡಿಸಿದರೆ ಇದು ಅವಳದು ಅಂತ ನನಗೆ ಗೊತ್ತಾಗುತ್ತಿತ್ತು. ಆ ಗಂಟುಗಳೆಲ್ಲ ಸೀರೆಯೊಳಗೆ ಸೇರಿ ಅಂಗಡಿಗೆ ಹೋದವು. ಯಾವ ಊರಿನಲ್ಲಿ ಯಾರ ಮೈಮೇಲಿವೆಯೋ. ಜೀವಮಾನವಿಡೀ ಗಂಟು ಹಾಕಿದವಳದು ನಮ್ಮ ಮನೆಯಲ್ಲಿ ಉಳಿದದ್ದು ಇದೊಂದೇ.

ಮರುದಿನ ಸಂಜೆ ಮಗಳು ಹನೂರಿನಿಂದ ಬಂದವಳು ಬ್ಯಾಗನ್ನೂ ಇಳಿಸದೆ ಹೇಳಿದಳು. "ಆಫೀಸಲ್ಲಿ ಕೇಳ್ದೆ. ಕುತ್ಗೆ ಇಸುಕಿದ್ ಗಿಡ ಸಾಯಕ್ ಮುಂಚೆ ಮೈತುಂಬ ಊ ಬಿಡ್ತದಂತೆ." ಆಮೇಲೆ ಬ್ಯಾಗು ಇಳಿಸಿ, "ಗಂಟ ಉಳುಸ್ಕಳಕ್ಕೆ ಗಿಡವ ಸಾಯ್ಸಿಯಾ ಅಪ್ಪ?" ಅಂದಳು.

ಹಿಂದಿನ ವರ್ಷದ ಬೇಸಿಗೆಯಲ್ಲಿ ನಾನು ಹಿಗ್ಗಿ ಉಂಡದ್ದು ಅದರ ಸಂಕಟವನ್ನು ನೋಡಿ.

ಮಗ್ಗದ ಸಣ್ಣ ಕತ್ತರಿಯನ್ನು ನಾನೇ ತಂದೆ. ಗಂಟನ್ನು ಹಾಗೇ ಇಟ್ಟುಕೊಂಡು ಅದರ ಎದುರು ಬದಿಯಲ್ಲಿ ಕತ್ತರಿಸಿದರೆ ಇಡಿಯಾಗಿ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಗಂಟಿನ ಮೇಲೆ ತೊಗಟೆ ಬೆಳೆದು ಮುಚ್ಚಿತ್ತು. ಕೆದಕಿದಷ್ಟೂ ಕೆಂಪು ನಾರು ಚೂರುಚೂರಾಗಿ ಬಂತು, ಗಂಟು ಯಾವುದು ಎಳೆ ಯಾವುದು ತಿಳಿಯಲಿಲ್ಲ. ಕೊನೆಯ ಎಳೆ ಕಡಿಯುತ್ತಿದ್ದಂತೆ ಬಳ್ಳಿ ಅದೇ ಜಾಗದಲ್ಲಿ ಲಟಕ್ಕನೆ ಮುರಿದು ನನ್ನ ಭುಜದ ಮೇಲೆ ಒರಗಿತು. ಅದನ್ನು ಅಷ್ಟು ದಿನ ನಿಲ್ಲಿಸಿದ್ದೂ ಆ ದಾರವೇ.

ಬುಡದಿಂದಾದರೂ ಚಿಗುರೀತು ಅಂತ ಭಾದ್ರಪದದ ಮಳೆ ಮುಗಿಯುವವರೆಗೂ ಕಾದೆವು. ಚಿಗುರಲಿಲ್ಲ. ಯಳಂದೂರಿಗೆ ಹೋಗಿ ನೆಡಲು ಒಂದು ಕಡ್ಡಿ ಕೊಡು ಅಂತ ಭಾಮೈದನನ್ನು ಕೇಳಿದೆ. ಅಲ್ಲಿಯ ತಾಯಿಬಳ್ಳಿಯನ್ನು ಯಾವಾಗಲೋ ಕಿತ್ತು ಅಂಗಳಕ್ಕೆ ಸಿಮೆಂಟು ಹಾಕಿದ್ದಾರೆ. ಕಾಫಿ ಕುಡಿದು ವಾಪಸ್ಸು ಬಂದೆ.

ನರ್ಸರಿಯಿಂದ ಬೇರೆ ಮಲ್ಲಿಗೆ ತರುತ್ತೇನೆ ಅಂದಳು ಮಗಳು. ಬೇಡ ಅಂದೆ. ಯಾಕೆ ಅಂತ ಕೇಳಿದಳು.

"ಬೆಳುದ್ರೆ ಕಟ್ಬೇಕಲ್ಲವ್ವ. ನನ್ ಕೈಲಾಗಕಿಲ್ಲ" ಅಂದೆ.